ಸೋಮವಾರದ ಬಟ್ಟೆಪಟ್ಟಿ

ಜುಲೈ 14, 2025, ಸೋಮವಾರ. ವಡೋದರಾ

ಇವತ್ತಿನಿಂದ ಬರೆಯುತ್ತೇನೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಎಲ್ಲಾದರೂ ಕಕ್ಕದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಕನ್ನಡದಲ್ಲಿ ಬರೆದರೆ ಮೇಜಿನ ಮೇಲೆ ಬಿಟ್ಟು ಹೋದರೂ ಭಯವಿಲ್ಲ. ರೂಮಿನಲ್ಲಿ ಜೊತೆಗಿರುವ ಪ್ರತೀಕ್ಷಾ ಹೆಸರಿಗೆ ಉಡುಪಿಯವಳು, ಬೆಳೆದದ್ದು ಅಹಮದಾಬಾದಿನಲ್ಲಿ ಅವರಪ್ಪನ ಹೋಟೆಲ್ಲಿನ ಗಲ್ಲಾದ ಪಕ್ಕ. ಕನ್ನಡ ಅರ್ಧಂಬರ್ಧ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನನಗಿಂತ ಮೂರು ವರ್ಷ ತಡವಾಗಿ ಪಿಎಚ್‌ಡಿಗೆ ಸೇರಿದ್ದಾಳೆ, ಇನ್ನೂ ನಗುನಗುತ್ತ ಓಡಾಡುತ್ತಾಳೆ.

ನನ್ನದು ಆರನೇ ವರ್ಷ. ಜನವರಿ ಮೂವತ್ತೊಂದಕ್ಕೆ ನೋಂದಣಿ ಮುಗಿಯುತ್ತದೆ. ಅಷ್ಟರೊಳಗೆ ನನ್ನದೇ ಮೊದಲ ಹೆಸರಿರುವ ಒಂದು ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಒಪ್ಪಿಗೆಯಾಗಿರಬೇಕು, ಇಲ್ಲದಿದ್ದರೆ ಥೀಸಿಸ್ಸನ್ನು ಯಾರೂ ಮುಟ್ಟುವುದಿಲ್ಲ. ಹೋದ ವರ್ಷ ನಾನು ಬರೆದು ಕೊಟ್ಟ ಪ್ರಬಂಧದಲ್ಲಿ ನನ್ನ ಹೆಸರು ಐದನೆಯದಾಗಿ ಅಚ್ಚಾಯಿತು. ಮೊದಲನೆಯದು ವಿಭಾಗದ ಮುಖ್ಯಸ್ಥರದು. ನಮ್ಮ ಲ್ಯಾಬು ಯಾವ ಮಹಡಿಯಲ್ಲಿದೆ ಎಂದಾದರೂ ಆ ಮಹಾನುಭಾವರಿಗೆ ಗೊತ್ತಿದೆಯೋ ಇಲ್ಲವೋ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೀಗಿರುವಾಗ ನನ್ನ ಗೈಡ್ ಪದ್ಮನಾಭ ಸರ್ ಕರೆದು, ವಿಶ್ವವಿದ್ಯಾಲಯಕ್ಕೆ ಒಂದು ಮಾರ್ಗದರ್ಶಿ ಬೇಕಂತೆ ಎಂದರು. ಪ್ರಬಂಧದಲ್ಲಿ ಯಾರ ಹೆಸರು ಇರಬೇಕು, ಯಾರದು ಇರಬಾರದು, ಮುಕ್ತ ಪ್ರಕಟಣೆ ಹೇಗೆ, ಅದೆಲ್ಲ. ಬರೆಯುವವಳು ನಾನಂತೆ. ನನಗೆ ನಗು ಬಂತು. "ನಿಂಗೆ ಸಿಟ್ಟು ಉಂಟಲ್ಲ, ಅದಕ್ಕೇ ನಿಂಗೆ ಕೊಟ್ಟದ್ದು ಮಾರಾಯ್ತಿ" ಎಂದರು.

ಸರಿ. ಮೊದಲ ಸಾಲು ಆಗಲೇ ಬರೆದಿಟ್ಟಿದ್ದೇನೆ. ಕೆಲಸ ಮಾಡಿದವರ ಹೆಸರು ಬಿಡಬಾರದು, ಮಾಡದವರ ಹೆಸರು ಸೇರಿಸಬಾರದು.

ಜುಲೈ 20, ಭಾನುವಾರ

ಸೂರತ್‌ಗೆ ಹೋಗಿಬಂದೆ, ಪ್ರತೀಕ್ಷಾಳನ್ನೂ ಕರೆದುಕೊಂಡು. ಊರಾಚೆಯ ಸಚಿನ್ ಎಂಬ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಹಾಲೇಶಣ್ಣನ ಓಣಿಗೆ.

ಹಾಲೇಶಣ್ಣ ನಮ್ಮ ಹರಿಹರದವರೇ. ಮೂರು ವರ್ಷದ ಹಿಂದೆ ಆ ಓಣಿಯ ಕೈಪಂಪಿನಲ್ಲಿ ನೀರಿನ ಮಾದರಿ ಹಿಡಿಯುತ್ತ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಯಾರೋ "ಯಾವೂರು ತಂಗಿ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಬಣ್ಣ ಹೊಂದಿಸುವ ಕೆಲಸ ಅವರದು. ಗಿರಾಕಿ ಕೊಟ್ಟ ತುಣುಕು ನೋಡಿ ಅದೇ ಬಣ್ಣ ಬರಿಸಬೇಕು, ಬಂದದ್ದನ್ನು ಕಾರ್ಡಿಗೆ ಪಿನ್ನು ಹೊಡೆದು ತಾರೀಖು ಹಾಕಿಡಬೇಕು. ಆ ಅಭ್ಯಾಸವನ್ನೇ ಮನೆಗೂ ತಂದರು. ಹೆಂಡತಿ ಸುಶೀಲಕ್ಕ ಒಗೆದ ಬಿಳಿ ಬಟ್ಟೆಗಳಿಗೆಲ್ಲ ಕೆಂಪು ಛಾಯೆ ಹತ್ತತೊಡಗಿದಾಗ, ಇದೇನೆಂದು ನೋಡೋಣ ಅಂತ ಬೆರಳಗಲದ ಹತ್ತಿಬಟ್ಟೆ ಕತ್ತರಿಸಿ ಕೈಪಂಪಿನ ನೀರಲ್ಲಿ ಒಂದು ದಿನ ನೆನೆಸಿದರು, ಒಣಗಿಸಿ ರಿಜಿಸ್ಟರಿಗೆ ಪಿನ್ನು ಹೊಡೆದರು. ಅಲ್ಲಿಂದ ಪ್ರತಿ ಸೋಮವಾರ ಒಂದು ಪಟ್ಟಿ. ಆರು ವರ್ಷ. ಮುನ್ನೂರಕ್ಕೂ ಹೆಚ್ಚು.

ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಓಣಿಯವರು ಚಿಂದಿವಾಲಾ ಎಂದು ಆಡಿಕೊಳ್ಳುತ್ತಾರೆ.

ಮೊದಲ ಭೇಟಿಯಲ್ಲೇ ಅವರು ಹೇಳಿದ್ದು: "ದೀಪಾವಳಿಗೆ ಮಿಲ್ಲೆಲ್ಲಾ ಬಂದ್ ಆಗ್ತಾವಲ್ಲ, ಅಲ್ಲಿಂದ ಇಪ್ಪತ್ತು ದಿನಕ್ಕೆ ಪಟ್ಟಿ ಬೆಳ್ಳಗಾಗ್ತೈತಿ ತಂಗಿ. ಮತ್ತೆ ಶುರುವಾಗಿ ಇಪ್ಪತ್ತು ದಿನಕ್ಕೆ ಕೆಂಪು. ಪ್ರತಿ ದೀಪಾವಳಿನೂ ನೋಡೀನಿ." ಬಣ್ಣ ನೆಲದೊಳಗೆ ಇಳಿದು ಕೈಪಂಪು ಮುಟ್ಟಲು ಎಷ್ಟು ದಿನ ಬೇಕು ಎಂಬುದೇ ನನ್ನ ಪ್ರಬಂಧ. ಮೂರು ವರ್ಷ ಯಂತ್ರಗಳಲ್ಲಿ ಅಳೆದು ನಾನು ತೋರಿಸಿದ್ದು ಅದನ್ನೇ.

ಪ್ರಬಂಧದಲ್ಲಿ ಮೂರನೆಯ ಹೆಸರು ನಿಮ್ಮದು ಎಂದು ಇವತ್ತು ಹೇಳಿದೆ. ಸುಶೀಲಕ್ಕ ಮಂಡಕ್ಕಿ ಒಗ್ಗರಣೆ ತಂದಿಟ್ಟರು. ಹಾಲೇಶಣ್ಣ ತಟ್ಟೆ ಮುಟ್ಟದೆ ಒಂದೇ ಪ್ರಶ್ನೆ ಕೇಳಿದರು, ಅದನ್ನು ನಮ್ಮ ಓಣಿಯವರೂ ಓದಬಹುದಾ ಅಂತ. ಮುಕ್ತ ಪ್ರಕಟಣೆ ಅಂದರೆ ಬೀಗ ಇಲ್ಲದ ಪತ್ರಿಕೆ, ಯಾರು ಬೇಕಾದರೂ ಫೋನಿನಲ್ಲಿ ಪುಕ್ಕಟೆ ತೆಗೆಯಬಹುದು ಎಂದೆ. ತೆಗೆದು ಓಣಿಯವರ ಮುಂದೆ ಹಿಡಿಯುತ್ತೇನೆ ಎಂದರು. ಆಮೇಲೆ ರಿಜಿಸ್ಟರನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ತುಂಬ ದಿನದ ಮೇಲೆ ಖುಷಿಯಾಯಿತು.

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಹಾಲೇಶಣ್ಣನಿಂದ ಈ ವಾರದ ಪಟ್ಟಿಯ ಫೋಟೋ. ರಿಜಿಸ್ಟರು ನನ್ನ ಹತ್ತಿರ ಇರುವುದರಿಂದ ಈಗ ಫೋಟೋ ತೆಗೆದು ಕಳಿಸುತ್ತಾರೆ. ಗುಲಾಬಿಗಿಂತ ಒಂದು ಚೂರು ಗಾಢ.

ಮಾರ್ಗದರ್ಶಿಯ ಕರಡು ಸಮಿತಿಯ ಮುಂದೆ ಹೋಯಿತು. ಆರನೇ ನಿಯಮಕ್ಕೆ ದೊಡ್ಡ ಜಗಳ. ಪ್ರಬಂಧದಿಂದ ಒಬ್ಬರ ಹೆಸರು ತೆಗೆಯುವುದಿದ್ದರೆ ಹೆಸರು ಕಳೆದುಕೊಳ್ಳುವವರದೇ ಸಹಿ ಇರುವ ನಮೂನೆ ಕಡ್ಡಾಯ ಎಂದು ಬರೆದಿದ್ದೆ. ಇಷ್ಟೆಲ್ಲ ಬೇಡ ಎಂದರು. ನಾನು ಪಟ್ಟು ಬಿಡಲಿಲ್ಲ. ಮೇಲಿನವರು ಕೆಳಗಿನವರ ಹೆಸರನ್ನು ಸದ್ದಿಲ್ಲದೆ ನುಂಗುತ್ತಾರೆ, ನನ್ನನ್ನೇ ನೋಡಿ ಎಂದೆ. ಪದ್ಮನಾಭ ಸರ್ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಸಮಿತಿಯವರು ಒಪ್ಪಿದರು. ನಮೂನೆಯನ್ನು ನಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ, ಪತ್ರಿಕೆಗಳು ಕೇಳುವ ಧಾಟಿಯಲ್ಲೇ.

ಸೆಪ್ಟೆಂಬರ್ 9, ಮಂಗಳವಾರ

ಪ್ರಬಂಧ ಮುಗಿಯಿತು. ಕಳಿಸಲು ಹೋದರೆ ಗೋಡೆ.

ಬೀಗವಿಲ್ಲದ ಪತ್ರಿಕೆ ಎಂದು ಹಾಲೇಶಣ್ಣನಿಗೆ ಹೇಳಿದೆನಲ್ಲ, ಓದುವವರಿಗೆ ಪುಕ್ಕಟೆ. ಬರೆದವರು ಶುಲ್ಕ ಕಟ್ಟಬೇಕು. ನನ್ನ ಒಂದು ವರ್ಷದ ಫೆಲೋಶಿಪ್ ಪೂರ್ತಿ ಸುರಿದರೂ ಸಾಲದು. ಬೀಗವಿರುವ ಪತ್ರಿಕೆಗೆ ಕೊಡೋಣ ಎಂದರೆ ಅವರ ವಿಮರ್ಶೆಗೇ ಹತ್ತು ತಿಂಗಳು, ಜನವರಿಗೆ ನಾನಿರುವುದಿಲ್ಲ.

ದಾರಿಯೊಂದಿದೆ ಎಂದರು ಸರ್. ಅಹಮದಾಬಾದಿನಲ್ಲಿ ಅವರ ಗೆಳೆಯ ಅಮೃತ್ ಎಂಬವರು ಇರುವ ಸಂಸ್ಥೆಗೂ ಈ ಪ್ರಕಾಶಕರಿಗೂ ಒಪ್ಪಂದ ಇದೆಯಂತೆ. ಪತ್ರಿಕೆಯ ಜೊತೆ ಪತ್ರವ್ಯವಹಾರ ಮಾಡುವ ಲೇಖಕ ಅವರೆಂದು ತೋರಿಸಿದರೆ ಶುಲ್ಕ ಸೊನ್ನೆ.

ಅಂದರೆ ಪ್ರಬಂಧದ ಒಂದಕ್ಷರವನ್ನೂ ಓದದವರ ಹೆಸರು ಸೇರಿಸಬೇಕು. ನನ್ನದೇ ಮೊದಲ ಸಾಲು ನೆನಪಾಯಿತು. ಆಗುವುದಿಲ್ಲ ಎಂದು ಎದ್ದು ಬಂದೆ.

ಸೆಪ್ಟೆಂಬರ್ 18, ಗುರುವಾರ

ಅಹಮದಾಬಾದಿನ ನವರಂಗಪುರದಲ್ಲಿ ಅಮೃತ್ ಸರ್ ಅವರನ್ನು ನೋಡಿಬಂದೆ. ಇಂಥವರು ದರ್ಪದವರಿರಬೇಕು ಎಂದುಕೊಂಡಿದ್ದೆ, ಹಾಗಿಲ್ಲ. ತಾವೇ ಎದ್ದು ಚಹಾ ತರಿಸಿದರು, ಪ್ರಬಂಧವನ್ನು ಅಲ್ಲೇ ತಿರುವಿ ಎರಡು ಕಡೆ ಅಲ್ಪವಿರಾಮ ತಿದ್ದಿದರು. ಬಟ್ಟೆಪಟ್ಟಿಯ ಚಿತ್ರ ನೋಡಿ, ಇದು ಬಹಳ ಹೊಸದು, ನಿಮ್ಮ ಕಲ್ಪನೆಯಾ ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲ ಎಂದು ಹೇಳಿದೆ. ಹೇಳಿದೆನೋ, ತಲೆಯಾಡಿಸಿದೆನೋ.

ಒಪ್ಪಿಕೊಂಡೆ. ಒಂದು ಹೆಸರು ಸೇರಿದರೆ ಯಾರ ಹೆಸರೂ ಕಡಿಮೆಯಾಗುವುದಿಲ್ಲ. ಈಗ ನಾಲ್ವರು: ನಾನು, ಪದ್ಮನಾಭ ಸರ್, ಹಾಲೇಶ್, ಅಮೃತ್ ಸರ್.

ಬಸ್ಸಿಳಿದು ಲ್ಯಾಬಿಗೆ ಹೋಗಿ ಪ್ರಬಂಧವನ್ನು ಪತ್ರಿಕೆಗೆ ಕಳಿಸಿದೆ.

ಅಕ್ಟೋಬರ್ 27, ಸೋಮವಾರ

ದೀಪಾವಳಿ ಮುಗಿದು ವಾರ. ಲ್ಯಾಬಿಗೆ ಬೀಗ, ಊರಿಗೆ ಹೋಗಲಿಲ್ಲ. ಮಿಲ್ಲುಗಳೂ ಬಂದ್. ಪಟ್ಟಿಯ ಫೋಟೋ ಬಂದಿದೆ, ಇನ್ನೂ ಕೆಂಪೇ. ಅಮ್ಮ ಫೋನಿನಲ್ಲಿ ಯಾವಾಗ ಮುಗಿಯುತ್ತೆ ಎಂದಳು. ಗೊತ್ತಿಲ್ಲ ಎಂದು ಇಟ್ಟುಬಿಟ್ಟೆ. ನಾಲ್ಕು ದಿನದಿಂದ ತಲೆ ಬಾಚಿಲ್ಲ.

ನವೆಂಬರ್ 12, ಬುಧವಾರ

ಪತ್ರಿಕೆಯಿಂದ ಉತ್ತರ. ವಿಮರ್ಶಕರಿಬ್ಬರೂ ಹೊಗಳಿದ್ದಾರೆ, ಬಟ್ಟೆಪಟ್ಟಿಗಳ ದಾಖಲೆಯೇ ಪ್ರಬಂಧದ ಜೀವ ಎಂದು ಒಬ್ಬರು. ಮೇಲೊಂದು ಪತ್ರ, ಸಂಪಾದಕರ ಕಚೇರಿಯಿಂದ. ಮೂರನೆಯ ಲೇಖಕರು ಕಾರ್ಖಾನೆಯೊಂದರ ನೌಕರರೆಂದು ತೋರಿಸಿದ್ದೀರಿ, ಆ ಸಂಸ್ಥೆಯ ಒಪ್ಪಿಗೆ ಪತ್ರ ಕೊಡಿ.

ಮಿಲ್ಲಿನವರ ಹತ್ತಿರ ಹೋಗಿ, ಸ್ವಾಮಿ, ನಿಮ್ಮಂಥವರ ಬಣ್ಣ ನಮ್ಮ ನೀರಿಗೆ ಇಳಿಯುತ್ತಿದೆ ಎಂದು ಬರೆದಿದ್ದೇವೆ, ನಿಮ್ಮ ನೌಕರನ ಹೆಸರು ಹಾಕಲು ಒಪ್ಪಿಗೆ ಕೊಡಿ ಎನ್ನಬೇಕೇ? ಅವರು ಮಿಲ್ಲಿನವರಾಗಿ ಅಲ್ಲ, ಓಣಿಯವರಾಗಿ ಈ ಕೆಲಸ ಮಾಡಿದ್ದು, ಮನೆ ವಿಳಾಸ ಹಾಕಿದರಾಗದೇ ಎಂದು ಬರೆದು ಕೇಳಬಹುದು. ಕೇಳಿದರೆ ಮತ್ತೆ ಒಂದು ಸುತ್ತು. ಪ್ರಕಾಶಕರ ಒಪ್ಪಂದದಲ್ಲಿ ಈ ವರ್ಷಕ್ಕೆ ಉಳಿದಿರುವುದು ಮೂರೇ ಪ್ರಬಂಧಗಳ ಜಾಗ ಎಂದು ಅಮೃತ್ ಸರ್ ಫೋನು ಮಾಡಿದ್ದರು.

"ಅವರ ಹೆಸರು ತೆಗ್ದು ಕೊನೆಗೆ ಕೃತಜ್ಞತೆಯಲ್ಲಿ ಹಾಕುವ. ಅವರ ಕೆಲಸವೂ ಉಳೀತದೆ" ಎಂದರು ಪದ್ಮನಾಭ ಸರ್. ಸಾಧ್ಯವೇ ಇಲ್ಲ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು.

ನವೆಂಬರ್ 15, ಶನಿವಾರ

ಹಾಲೇಶ್‌ಗೆ ಫೋನು ಮಾಡಿದೆ. ಹೆಸರಿದ್ದರೆ ಮಿಲ್ಲಿನವರು ಕೆಲಸದಿಂದ ತೆಗೆದುಹಾಕಬಹುದು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಬಿಟ್ಟುಬಿಡೋಣವೇ ಎಂದೆ. ಇದು ನಿಜವಾದ ಭಯ, ನೆಪವಲ್ಲ. "ಕೆಲ್ಸ ಹೋದ್ರೆ ನಂದು ಹೋಗ್ತೈತಿ ತಂಗಿ. ಬಣ್ಣ ಹೊಂದ್ಸೋ ಕೈಗೆ ಸೂರತ್‌ನಾಗೆ ಕೆಲ್ಸಕ್ಕೇನು ಬರ? ನೀ ಹೆಸ್ರು ಹಾಕಮ್ಮ" ಎಂದರು.

ನೋಡೋಣ ಎಂದೆ. ಓಣಿಯಲ್ಲಿ ಆಗಲೇ ಎಲ್ಲರಿಗೂ ಹೇಳಿಕೊಂಡಿದ್ದಾರಂತೆ. ಅಷ್ಟು ಬೇಗ ಯಾಕೆ ಹೇಳಿಕೊಳ್ಳಬೇಕಿತ್ತೋ.

ನವೆಂಬರ್ 24, ಸೋಮವಾರ

ಒಪ್ಪಂದದಲ್ಲಿ ಎರಡೇ ಜಾಗ ಉಳಿದಿದೆ. ಲ್ಯಾಬಿನಲ್ಲಿ ಬೀಕರ್ ಒಡೆದೆ. ಚೂರು ಗುಡಿಸುವಾಗ ಅಳು ಬಂತು. ಆರು ವರ್ಷ ಇದಕ್ಕೆಂದು ಕಳೆದೆ. ಮೂವತ್ತೊಂದು ನನಗೆ. ಬೇರೆ ಏನೂ ಮಾಡಲು ಬರುವುದಿಲ್ಲ, ಈ ವಯಸ್ಸಿನಲ್ಲಿ ಇನ್ನೊಂದನ್ನು ಕಲಿಯುವ ಶಕ್ತಿಯೂ ಇಲ್ಲ.

ಪಟ್ಟಿಯ ಫೋಟೋ ಬಂತು. ತೆರೆಯಲಿಲ್ಲ.

ಡಿಸೆಂಬರ್ 2, ಮಂಗಳವಾರ

ಒಂದೇ ಜಾಗ.

ಮೂರನೆಯ ಹೆಸರು ತೆಗೆಯುತ್ತೇವೆ ಎಂದು ಬರೆದಿದ್ದಕ್ಕೆ ಪತ್ರಿಕೆಯವರು ನಮೂನೆ ಕೇಳಿದ್ದಾರೆ. ನಾನು ಮಾರ್ಗದರ್ಶಿಗೆ ಮಾಡಿದ್ದೇ ಸಾಕಂತೆ, ಬಹಳ ಅಚ್ಚುಕಟ್ಟಾಗಿದೆಯಂತೆ. ಲೇಖಕರೆಲ್ಲರ ಸಹಿ, ಹೊರಹೋಗುವವರದೂ ಸೇರಿ. ನಾವು ಮೂವರೂ ಮಾಡಿದೆವು. ಪದ್ಮನಾಭ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಸಹಿ ಮಾಡಿದರು. "ಅವರಿಗೆ ಸರಿಯಾಗಿ ಹೇಳ್ತಿಯಲ್ಲ?" ಎಂದರು. ಹ್ಞೂಂ ಎಂದೆ.

ವಾಟ್ಸಾಪಿನಲ್ಲಿ ಕಳಿಸಿದೆ. ಮೊದಲು ಉದ್ದವಾಗಿ ಬರೆದಿದ್ದೆ, ಎಲ್ಲವನ್ನೂ. ಓದಿ ನೋಡಿದರೆ ಗೊಂದಲವಾಗುವ ಹಾಗಿತ್ತು. ಅಳಿಸಿ, ಪ್ರಬಂಧದ ಕಾಗದ, ಕೆಳಗೆ ನಿಮ್ಮ ಸಹಿ ಬೇಕು, ನಾಳೆಯೊಳಗೆ ಎಂದಷ್ಟೇ ಹಾಕಿದೆ. ಸುಳ್ಳೇನಲ್ಲ. ಪ್ರಬಂಧದ ಕಾಗದವೇ ಅದು.

ಡಿಸೆಂಬರ್ 3, ಬುಧವಾರ

ಬೆಳಿಗ್ಗೆ ಆರೂವರೆಗೇ ಬಂದಿದೆ. ಪ್ರಿಂಟು ತೆಗೆಸಿ, ಸಹಿ ಮಾಡಿ, ಫೋಟೋ ಹೊಡೆದಿದ್ದಾನೆ. ಕನ್ನಡದಲ್ಲಿ ದುಂಡಗೆ ಹಾಲೇಶ ಎಂದು. ಮಸುಕಾಗಿದ್ದರೆ ಇರಲಿ ಎಂದು ಇನ್ನೊಂದು ಪ್ರತಿಗೂ ಸಹಿ ಮಾಡಿ ಕಳಿಸಿದ್ದಾನೆ. ಕೆಳಗೆ ಕೈಮುಗಿಯುವ ಚಿತ್ರ ಮೂರು.

ಮೊದಲನೆಯದೇ ಸ್ಪಷ್ಟವಾಗಿತ್ತು. ಕಳಿಸಿದೆ.

ಡಿಸೆಂಬರ್ 19, ಶುಕ್ರವಾರ

ಒಪ್ಪಿಗೆಯಾಯಿತು. ಪದ್ಮನಾಭ ಸರ್ ಪೇಡೆ ಹಂಚಿದರು. ಏನೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮಧ್ಯಾಹ್ನ ಹಾಸಿಗೆಯಲ್ಲಿ ಗೋಡೆ ನೋಡುತ್ತ ಬಿದ್ದಿದ್ದೆ.

ಮಾರ್ಗದರ್ಶಿಯ ಕೊನೆಯ ಪ್ರತಿಯನ್ನೂ ತಿದ್ದಿ ಕೊಟ್ಟೆ. ಮೊದಲ ಸಾಲು ಸ್ವಲ್ಪ ಒರಟಾಗಿತ್ತು. ಗಣನೀಯ ಬೌದ್ಧಿಕ ಕೊಡುಗೆ ಇರುವವರ ಹೆಸರು ಇರತಕ್ಕದ್ದು, ಮಾದರಿ ಸಂಗ್ರಹದಲ್ಲಿ ನೆರವಾದವರನ್ನು ಕೃತಜ್ಞತೆಯಲ್ಲಿ ಸ್ಮರಿಸಬಹುದು ಎಂದು ಬದಲಿಸಿದೆ. ಈಗ ಸರಿಯಾಗಿದೆ, ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಹೀಗೇ ಇದೆ.

ಜನವರಿ 8, 2026, ಗುರುವಾರ

ಪ್ರಕಟವಾಯಿತು. ಲಿಂಕು ಒತ್ತಿದರೆ ಯಾರಿಗಾದರೂ ತೆರೆಯುತ್ತದೆ. ಚಿನ್ಮಯಿ ಎಂದು ಮೊದಲಲ್ಲೇ ನನ್ನ ಹೆಸರು. ಕೃತಜ್ಞತೆಯಲ್ಲಿ, ಬಟ್ಟೆಪಟ್ಟಿಗಳನ್ನು ಒದಗಿಸಿದ ಸ್ಥಳೀಯ ಸಹಾಯಕರಿಗೆ ಎಂದಿದೆ. ಹೆಸರು ಹಾಕಲಿಲ್ಲ. ಹಾಕಿದರೆ ಮಿಲ್ಲಿನವರ ಕಣ್ಣಿಗೆ ಬೀಳುತ್ತದೆ, ಪಾಪ.

ಸಂಜೆ ಹಾಲೇಶ್ ಫೋನು, ಎರಡು ಸಲ. ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು ಹಾಕಿದೆ. ಮೀಟಿಂಗು ಇರಲಿಲ್ಲ. ಬಂತಾ ತಂಗಿ ಎಂದು ಧ್ವನಿಸಂದೇಶ. ಇನ್ನೂ ಸಮಯ ಹಿಡಿಯುತ್ತದೆ ಎಂದೆ.

ಜನವರಿ 27, ಮಂಗಳವಾರ

ಥೀಸಿಸ್ ಸಲ್ಲಿಸಿದೆ. ಗುಮಾಸ್ತ ಸೀಲು ಹೊಡೆದು ಆಕಳಿಸಿದ. ಆರು ವರ್ಷಕ್ಕೆ ಅಷ್ಟೇ.

ಫೆಬ್ರವರಿ 6, ಶುಕ್ರವಾರ. ಅಹಮದಾಬಾದ್

ವಸ್ತ್ರಾಪುರದ ಸಭಾಂಗಣದಲ್ಲಿ ಮಾರ್ಗದರ್ಶಿಯ ಕಾರ್ಯಾಗಾರ. ನೂರಿಪ್ಪತ್ತು ಸಂಶೋಧಕರು. ನಾನೇ ಮಾತಾಡಿದೆ, ಚೆನ್ನಾಗಿ ಮಾತಾಡಿದೆನಂತೆ. ಆರನೇ ನಿಯಮಕ್ಕೆ ಚಪ್ಪಾಳೆ ಬಿತ್ತು.

ಪ್ರಶ್ನೋತ್ತರದಲ್ಲಿ ಪ್ರತೀಕ್ಷಾ ಎದ್ದು ನಿಂತಳು. ಸಹಿ ಮಾಡುವವರಿಗೆ ತಾವು ಯಾವುದಕ್ಕೆ ಸಹಿ ಮಾಡುತ್ತಿದ್ದೇವೆಂದು ಗೊತ್ತಿರಬೇಕೇ, ಸಹಿ ಇದ್ದರೆ ಸಾಕೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ನಿಯಮದಲ್ಲಿ ಸಹಿ ಎಂದಷ್ಟೇ ಇದೆ ಎಂದೆ. ಅವಳು ಕೂತಳು. ಊಟಕ್ಕೆ ನಿಲ್ಲಲಿಲ್ಲ. ಸಂಜೆ ಒಟ್ಟಿಗೆ ವಡೋದರಾಕ್ಕೆ ಹೋಗುವುದೆಂದಿತ್ತು, ಅಪ್ಪನ ಮನೆಗೆ ಹೋದಳಂತೆ.

ಫೆಬ್ರವರಿ 9, ಸೋಮವಾರ. ವಡೋದರಾ

ಪ್ರತೀಕ್ಷಾ ರೂಮು ಖಾಲಿ ಮಾಡಿದಳು. ಹಾಸಿಗೆ, ಬಕೆಟ್ಟು ಎಲ್ಲ ತೆಗೆದುಕೊಂಡು ಹೋಗಿದ್ದಾಳೆ.

ಹಾಲೇಶನ ಧ್ವನಿಸಂದೇಶ ಕೇಳಿದ ಮೇಲೆ ಯಾಕೆಂದು ತಿಳಿಯಿತು. ಓಣಿಯ ಯಾರೋ ಪ್ರಬಂಧವನ್ನು ಫೋನಿನಲ್ಲಿ ತೆಗೆದು ಇವನ ಮುಂದೆ ಹಿಡಿದರಂತೆ. ಇವನು ಅದನ್ನೂ, ತನ್ನ ಹತ್ತಿರ ಉಳಿದಿದ್ದ ಆ ಸಹಿಯ ಕಾಗದವನ್ನೂ ಹೋದ ವಾರವೇ ಪ್ರತೀಕ್ಷಾಗೆ ಕಳಿಸಿ ಓದಿಸಿದ್ದಾನೆ. ಬೀಗ ಹಾಕಿದ ಪತ್ರಿಕೆಯಾಗಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಅವನು ಹೇಳಿದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ. "ನಮಸ್ಕಾರ ಮೇಡಂ. ಎಲ್ಲಾ ಓದಿಸ್ದೆ. ಪತ್ರಿಕೆಯಾಗೆ ನನ್ನ ಹೆಸ್ರು ಇಲ್ಲ. ನಾನು ಸಹಿ ಮಾಡಿದ್ ಕಾಗದದಾಗೆ ಐತಂತೆ, ಇಂಗ್ಲಿಷ್‌ನಾಗೆ ಪೂರ್ತಿ ಹೆಸ್ರು, ನಮ್ಮಪ್ಪನ ಹೆಸ್ರು ಸಮೇತ. ತೆಗೀರಿ ಅಂತ ನಾನೇ ಬರ್ಕೊಟ್ಟಂಗೆ. ಆಗ್ಲಿ ಬಿಡ್ರಿ. ನನ್ನ ರಿಜಿಸ್ಟರ್ ಒಂದು ಕಳಿಸಿಕೊಡ್ರಿ ಮೇಡಂ."

ಮೂರು ಸಲ ಕೇಳಿದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಹಿಂದೆಲ್ಲ ತಂಗಿ ಅನ್ನುತ್ತಿದ್ದ.

ಫೆಬ್ರವರಿ 16, ಸೋಮವಾರ

ರಿಜಿಸ್ಟರು ಕಳಿಸೋಣವೆಂದು ಟವೆಲ್ಲಿನಲ್ಲಿ ಸುತ್ತಿದ್ದೆ. ಮೂಲ ದಾಖಲೆಗಳು ಐದು ವರ್ಷ ಮೊದಲ ಲೇಖಕರ ಹತ್ತಿರವೇ ಇರತಕ್ಕದ್ದು ಎಂದು ಮಾರ್ಗದರ್ಶಿಯ ಒಂಬತ್ತನೇ ನಿಯಮವಿದೆ, ನಾನೇ ಬರೆದದ್ದು. ನಿಯಮ ಎಂದ ಮೇಲೆ ನಿಯಮ. ಮತ್ತೆ ಬೀರುವಿನಲ್ಲಿಟ್ಟೆ.

ಎರಡನೇ ಪ್ರಬಂಧದ ರೂಪುರೇಷೆ ಕೊಡಲು ಪದ್ಮನಾಭ ಸರ್ ಹೇಳಿದ್ದಾರೆ. ದೀಪಾವಳಿಯ ನಂತರ ಮಿಲ್ಲು ಮತ್ತೆ ಶುರುವಾದ ಮೇಲಿನ ಎಲ್ಲ ವಾರಗಳ ಬಣ್ಣ ಬೇಕು, ನಡುವೆ ಒಂದೂ ತಪ್ಪಬಾರದು. ಹೋದ ಸೋಮವಾರದ್ದು ಇಲ್ಲ. ಇವತ್ತು ಬೆಳಿಗ್ಗೆಯಿಂದ ಫೋನು ಮುಂದಿಟ್ಟುಕೊಂಡು ಕೂತಿದ್ದೇನೆ. ಹನ್ನೊಂದೂವರೆ ಆಯಿತು. ಪಟ್ಟಿಯ ಫೋಟೋ ಬಂದಿಲ್ಲ.